ಕೈಗೆ ಕೆಲಸವೋ, ಕೆಲಸಕ್ಕೆ ಕೈಯೋ?

ರಾಗಿ ಮುದ್ದೆ ಉಣ್ಣುವುದು ಸುಲಭವೆಂದು ಹುಟ್ಟಿದಂದಿನಿಂದ ಅದನ್ನು ಉಂಡು ಬೆಳೆದವರು ಮಾತ್ರ ಹೇಳಿಯಾರು. ಬೆರಳುಗಳೆಲ್ಲ ಕೂಡಿ ಬಿಸಿ ಮುದ್ದೆಯ ಅಂಚಿನಿಂದ ಒಂದು ತುತ್ತನ್ನು ಮುರಿಯಬೇಕು. ಅದನ್ನು ಬೆರಳ ತುದಿಗಳಲ್ಲಿ ಉರುಳಿಸಿ ನುಣುಪು ಮಾಡಬೇಕು. ಹೆಬ್ಬೆರಳಿನಿಂದ ಒಂದು ಗುಳಿಯೊತ್ತಿ ಸಾರಿನಲ್ಲಿ ಅದ್ದಬೇಕು. ಸಾರು ಮೊಣಕೈಗೆ ಇಳಿಯುವ ಮೊದಲೇ ಮಣಿಕಟ್ಟನ್ನು ತಿರುಗಿಸಿ ಬಾಯಿಗೆ ಹಾಕಿಕೊಂಡು ಅಗಿಯದೆ ನುಂಗಬೇಕು. ಇಷ್ಟೆಲ್ಲವೂ ಎರಡು ಮೂರು ಕ್ಷಣಗಳ ವ್ಯವಹಾರ. ಉಣ್ಣುವವನ ಮನಸ್ಸು ಆಗ ಮಳೆಯ ಮೇಲೋ, ಮಗಳ ಮದುವೆಯ ಮೇಲೋ ಇರುತ್ತದೆ.

ಒಂದು ಬೆಳಗ್ಗೆ ಆ ಬಲಗೈ ಸ್ವಾಧೀನ ತಪ್ಪಿತೆಂದು ವಾಚಕರು ಊಹಿಸಿಕೊಳ್ಳಬೇಕು. ಲಕ್ವ ಹೊಡೆಯಿತು ಎಂದು ಹಳ್ಳಿಯವರು ಹೇಳುವರು. ಪ್ರಾಣ ಉಳಿಯಿತು. ವೈದ್ಯರು ರಕ್ತದೊತ್ತಡಕ್ಕೆ ಮಾತ್ರೆ ಬರೆದುಕೊಟ್ಟರು. ಫಿಸಿಯೋಥೆರಪಿಯವರು ಕಾಲಿಗೆ ಬಲ ಬರಿಸಿ, ಕೋಲು ಹಿಡಿಸಿ ನಡೆಯಿಸಿದರು. ಮನೆಗೆ ಬಂದುದಾಯಿತು. ಆದರೆ ಊಟಕ್ಕೆ ಕುಳಿತಾಗ? ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪದು. ಸೊಸೆ ತುತ್ತು ಮಾಡಿ ಬಾಯಿಗಿಟ್ಟರೆ ಕಣ್ಣಿನಲ್ಲಿ ನೀರು. ಚಮಚವನ್ನು ಕೊಟ್ಟರೆ ಮುದ್ದೆ ಚಮಚಕ್ಕೆ ಅಂಟಿಕೊಂಡು ಹಟ ಹಿಡಿಯುತ್ತದೆ. ವೈದ್ಯಶಾಸ್ತ್ರ ತನ್ನ ಕೆಲಸವನ್ನು ಮುಗಿಸಿದೆ. ಮನುಷ್ಯನ ಸಂಕಟ ಮಾತ್ರ ಮುಗಿದಿಲ್ಲ.

ಇಲ್ಲಿಂದ ಆರಂಭವಾಗುವ ವಿದ್ಯೆಗೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನುತ್ತಾರೆ. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ಉದ್ಯೋಗ ಎಂದೊಡನೆ ನಮಗೆ ಸಂಬಳ, ಕಚೇರಿ, ನೇಮಕದ ಆಜ್ಞೆ ಇವೇ ನೆನಪಾಗುವುವು. ಈ ವಿದ್ಯೆಯವರ ಮಟ್ಟಿಗೆ ಉದ್ಯೋಗವೆಂದರೆ ಮನುಷ್ಯನ ಹಗಲನ್ನು ತುಂಬುವ ಸಮಸ್ತ ಕೆಲಸ: ಹಲ್ಲುಜ್ಜುವುದು, ಸೀರೆ ಉಡುವುದು, ಹೊಸ್ತಿಲ ಮುಂದೆ ರಂಗೋಲಿ ಎಳೆಯುವುದು, ಶಾಲೆಯ ಹುಡುಗ ಬರೆಯುವುದು, ಶಾಲೆಗೆ ಹೋಗದ ಕೂಸು ಆಡುವುದು. ಕಾಯಕ ಎಂಬ ಮಾತು ಇದಕ್ಕೆ ಇನ್ನೂ ಹತ್ತಿರವಾಗಿದ್ದೀತು. ಆದರೆ ಹೆಸರಿಟ್ಟವರು ನಮ್ಮನ್ನು ಕೇಳಲಿಲ್ಲ.

ನಾಲ್ಕು ತಾಲ್ಲೂಕುಗಳು

ಈ ವಿದ್ಯೆಯ ಮಾತನ್ನು ಬೆಂಗಳೂರಿನ ದೊಡ್ಡ ಆಸ್ಪತ್ರೆಯಿಂದ ಆರಂಭಿಸದೆ ತುಮಕೂರು ಜಿಲ್ಲೆಯ ಉತ್ತರಭಾಗದಿಂದ ಆರಂಭಿಸುವುದಕ್ಕೆ ಕಾರಣವಿದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕಕ್ಕೆ ತುಮಕೂರು ಜಿಲ್ಲೆಗೆ ಸೇರಿದ್ದರೂ, ಶಿಕ್ಷಣ ಇಲಾಖೆಯು ಇವನ್ನು ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿ ಮಾಡಿದೆ. ಮಧುಗಿರಿಗೆ ಏಕಶಿಲೆಯ ಬೆಟ್ಟ, ಶಿರಾಕ್ಕೆ ಮೊಗಲರ ಕಾಲದ ಹಿರಿಮೆ, ಕೊರಟಗೆರೆಗೆ ಸಿದ್ಧರ ಬೆಟ್ಟ. ಪಾವಗಡವಂತೂ ಮೂರು ಕಡೆಯಿಂದ ಆಂಧ್ರವನ್ನು ತಬ್ಬಿಕೊಂಡು, ತುಮಕೂರಿನಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ ಕುಳಿತಿದೆ. ಮಳೆಯನ್ನು ನೆಚ್ಚಿದ ಸೀಮೆ. ಶೇಂಗಾ, ರಾಗಿ, ಹುಣಸೆ ಇಲ್ಲಿಯ ಬಾಳು. ಶೇಂಗಾ ಗಿಡವನ್ನು ಕಿತ್ತು ಕಾಯಿ ಬಿಡಿಸುವ ಬೆರಳು, ಹುಣಸೆಯನ್ನು ಕುಟ್ಟಿ ಬೀಜ ತೆಗೆಯುವ ಮಣಿಕಟ್ಟು, ಮರ ಹತ್ತಿ ಕೊಂಬೆ ಬಡಿಯುವ ಹೆಗಲು ಇವು ಕೆಟ್ಟರೆ ಇಲ್ಲಿ ಕೆಡುವುದು ಅಂಗವೊಂದೇ ಅಲ್ಲ, ಅಂದಿನ ಕೂಲಿಯೂ ಹೌದು. ಹುಣಸೆ ಮರದಿಂದ ಬಿದ್ದು ಬೆನ್ನುಹುರಿ ಜಜ್ಜಿದವನಿಗೆ ಕಾಲು ಮರಳುವುದು ಅಪರೂಪ. ಅವನ ಹಗಲು ಮರಳೀತೆ ಎಂಬುದೇ ಪ್ರಶ್ನೆ.

ಈ ವಿದ್ಯೆಯಲ್ಲಿ ಪದವಿ ಪಡೆಯಲು ನಾಲ್ಕು ವರ್ಷದ ಪಾಠ, ಅದರ ಮೇಲೆ ಆಸ್ಪತ್ರೆಯ ಅಭ್ಯಾಸ ಬೇಕು. ಮಣಿಪಾಲದಂಥ ಕಡೆ ಕಲಿತು ಬಂದವರು ಬಹುಮಟ್ಟಿಗೆ ನಗರಗಳಲ್ಲಿಯೇ ನಿಲ್ಲುವರು. ಕೆಲವರು ಸಮುದ್ರವನ್ನೂ ದಾಟುವರು. ಹಳ್ಳಿಯಲ್ಲಿ ಅವರ ಕೆಲಸದ ಒಂದಂಶವನ್ನು ಬೇರೆ ಯಾರೋ ಮಾಡಬೇಕಾಗಿದೆ. ಯಾರು, ಎಷ್ಟು, ಯಾವ ಹಕ್ಕಿನಿಂದ? ಈ ವೃತ್ತಿಯ ನೀತಿಯೆಲ್ಲ ಈ ಮೂರು ಪ್ರಶ್ನೆಗಳ ಸುತ್ತ ಬಂದು ನಿಂತಿದೆ. ಅದನ್ನು ತಿಳಿಯಲು ಕೊಂಚ ಹಿಂದಕ್ಕೆ ಹೋಗಬೇಕು.

ಚಾಪೆ ಹೆಣೆದವನಿಗೆ ಏನು?

ಅಮೆರಿಕದಲ್ಲಿ ಜಾರ್ಜ್ ಎಡ್ವರ್ಡ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಕ್ಷಯದಿಂದ ನರಳಿದನು. ಪಾದದ ಒಂದು ಭಾಗವನ್ನು ಕಳೆದುಕೊಂಡನು. ಮೈಯ ಎಡಭಾಗವೂ ಸ್ವಾಧೀನ ತಪ್ಪಿತು. ಮಲಗಿ ಮಲಗಿ ಬೇಸತ್ತ ಆತ ತೋಟದ ಕೆಲಸ, ಮರಗೆಲಸಗಳಿಂದ ತನ್ನನ್ನು ತಾನೇ ಎತ್ತಿ ನಿಲ್ಲಿಸಿಕೊಂಡನು. ಅವನ ಮನೆಯಲ್ಲಿಯೇ, ನ್ಯೂಯಾರ್ಕ್ ಪ್ರಾಂತದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬಲ್ಲಿ, 1917ರಲ್ಲಿ ಈ ವಿದ್ಯೆಯ ಮೊದಲ ಸಂಘ ಹುಟ್ಟಿತು. ಮೊದಲನೆಯ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು ಅದಕ್ಕೆ ಬೇಕಾದಷ್ಟು ಕೆಲಸ ಕೊಟ್ಟರು.

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬಕರ್. ಹುಟ್ಟಿದ್ದು ಅಮೆರಿಕದಲ್ಲಿ, ಎಲಿಜಬೆತ್ ಲಂಡಿ ಎಂಬ ಹೆಸರಿನಿಂದ. ಮಹಾರಾಷ್ಟ್ರದ ಮನೆಯ ಸೊಸೆಯಾಗಿ ಬಂದು, ಹೆಸರನ್ನು ಬದಲಾಯಿಸಿಕೊಂಡು, ಇಲ್ಲಿಯವರೇ ಆದರು. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರಲ್ಲಿ ಅವರು ತೆರೆದ ಶಾಲೆಯೇ ಈ ವಿದ್ಯೆಗೆ ಭಾರತದಲ್ಲಿ ಮೊದಲನೆಯದು. 1952ರಲ್ಲಿ ಔದ್ಯೋಗಿಕ ಚಿಕಿತ್ಸಕರ ಜಾಗತಿಕ ಒಕ್ಕೂಟ ಏರ್ಪಟ್ಟಾಗ ಅದನ್ನು ಸ್ಥಾಪಿಸಿದ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಹೊಸದಾಗಿ ಸ್ವತಂತ್ರವಾಗಿದ್ದ ದೇಶಕ್ಕೆ ಇದು ಸಣ್ಣ ಗೌರವವೇನಲ್ಲ.

ಆ ಕಾಲದಲ್ಲಿ ಔದ್ಯೋಗಿಕ ಚಿಕಿತ್ಸೆಯೆಂದರೆ ರೋಗಿಯ ಕೈಗೆ ಒಂದು ಕೆಲಸ ಕೊಡುವುದು. ಬುಟ್ಟಿ, ಚಾಪೆ, ನೇಯ್ಗೆ, ತೋಟಗಾರಿಕೆ. ಖಾಲಿ ಕೈ ಖಿನ್ನ ಮನಸ್ಸನ್ನು ಇನ್ನಷ್ಟು ಕೆಡಿಸುತ್ತದೆ ಎಂಬುದು ಸುಳ್ಳಲ್ಲ. ಆದರೆ ಇದರೊಳಗೇ ಒಂದು ಮುಳ್ಳು ಇತ್ತು. ದೊಡ್ಡ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಗಳೇ ಬಟ್ಟೆ ಒಗೆದರು, ಅಡಿಗೆಮನೆಯಲ್ಲಿ ದುಡಿದರು, ತರಕಾರಿ ಬೆಳೆದರು. ಅದಕ್ಕೆ ಚಿಕಿತ್ಸೆ ಎಂಬ ಹೆಸರು ಕೊಟ್ಟುದರಿಂದ ಕೂಲಿ ಕೊಡುವ ಪ್ರಶ್ನೆಯೇ ಏಳಲಿಲ್ಲ. ಚೆನ್ನಾಗಿ ದುಡಿಯುವ ರೋಗಿಯನ್ನು ಮನೆಗೆ ಕಳುಹಿಸುವುದಕ್ಕೆ ಆಸ್ಪತ್ರೆಗೆ ಅವಸರವಾದರೂ ಏಕಿದ್ದೀತು? ಅಮೆರಿಕದ ನ್ಯಾಯಾಲಯವೊಂದು 1973ರಲ್ಲಿ, ಸೌಡರ್ ಎಂಬವರ ಮೊಕದ್ದಮೆಯಲ್ಲಿ, ಇಂಥ ದುಡಿಮೆಗೂ ಕೂಲಿಯ ಕಾನೂನು ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆಯು, ಚಿಕಿತ್ಸಾಲಯದಲ್ಲಿರುವ ವ್ಯಕ್ತಿಯನ್ನು ಬಲವಂತದಿಂದ ದುಡಿಸಕೂಡದು, ದುಡಿದರೆ ತಕ್ಕ ಪ್ರತಿಫಲ ಕೊಡಬೇಕು ಎಂದು ಸ್ಪಷ್ಟವಾಗಿ ವಿಧಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1974ರಲ್ಲಿ ಆ ಹೆಸರು ಪಡೆಯುವುದಕ್ಕೆ ಎಷ್ಟೋ ಮೊದಲು ಅಲ್ಲಿ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಇತ್ತು. ಇಂದು ಅಲ್ಲಿಯ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಹೊಲಿಗೆ, ತೋಟಗಾರಿಕೆ ಮೊದಲಾದವು ನಡೆಯುವುವು. ಅಲ್ಲಿಯ ಬ್ರೆಡ್ಡನ್ನು ಕೊಂಡ ಬೆಂಗಳೂರಿನ ವಾಚಕರು ಹಲವರಿರಬಹುದು.

ನೋಯದ ಕೈ

ಕುಷ್ಠರೋಗದಲ್ಲಿ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆ ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅದು ಹಾಗಲ್ಲವೆಂದು ತೋರಿಸಿಕೊಟ್ಟರು. ರೋಗವು ಕೊಲ್ಲುವುದು ನರವನ್ನು. ನರ ಸತ್ತ ಮೇಲೆ ನೋವಿಲ್ಲ. ನೋವಿಲ್ಲದ ಕೈ ಸುಟ್ಟರೂ ಕೊಯ್ದರೂ ತಿಳಿಯದು. ರಾತ್ರಿಯಲ್ಲಿ ಕೆಲವರ ಬೆರಳು ಮಾಯವಾಗುತ್ತಿದ್ದುದಕ್ಕೆ ಕಾರಣ ಹುಡುಕಿದಾಗ, ಮಲಗಿದ್ದವರ ಬೆರಳನ್ನು ಇಲಿಗಳು ಕಡಿಯುತ್ತಿದ್ದುದು ಗೊತ್ತಾಯಿತು. ಚಿಕಿತ್ಸೆ ಏನು? ರೋಗಿಗಳು ಬೆಕ್ಕು ಸಾಕಿದರು! ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬೆಕ್ಕಿಗೆ ಇಂಥ ಗೌರವ ಮತ್ತೆಲ್ಲಿಯಾದರೂ ಸಂದಿದೆಯೋ ಇಲ್ಲವೋ.

ಬ್ರ್ಯಾಂಡರು ಮಡಿಚಿಹೋದ ಕೈಗಳನ್ನು 1948ರಿಂದ ಮುಂದೆ ಶಸ್ತ್ರಕ್ರಿಯೆಯಿಂದ ನೆಟ್ಟಗೆ ಮಾಡಿದರು. ಬದುಕಿರುವ ಸ್ನಾಯುವೊಂದರ ತಂತುವನ್ನು ಸತ್ತ ಸ್ನಾಯುವಿನ ಕೆಲಸಕ್ಕೆ ಹೊಂದಿಸುವ ಕ್ರಮ ಅದು. ಶಸ್ತ್ರಕ್ರಿಯೆ ಕೆಲವು ಗಂಟೆಗಳದು; ಹೊಸ ಜಾಗದ ಸ್ನಾಯುವಿಗೆ ಹೊಸ ಕೆಲಸ ಕಲಿಸುವುದು ವಾರಗಟ್ಟಲೆಯದು. ಅದೇ ಚಿಕಿತ್ಸಕರ ಪಾಲು. ಆದರೆ ವಾಸಿಯಾದ ಕೈಯನ್ನು ಹಿಡಿದು ಊರಿಗೆ ಹೋದವನು ಮರಳಿ ಬಂದು, ಈ ಕೈಗೆ ಭಿಕ್ಷೆ ಹುಟ್ಟುವುದಿಲ್ಲ, ಕೆಲಸವನ್ನೂ ಯಾರೂ ಕೊಡುವುದಿಲ್ಲ ಎಂದು ದೂರಿದನಂತೆ. ಕೈ ನೆಟ್ಟಗಾದುದು ಅವನ ಹೊಟ್ಟೆಗೆ ಕುತ್ತಾಯಿತು. ಇದರಿಂದಲೇ ವೆಲ್ಲೂರಿನಲ್ಲಿ ಕಸುಬು ಕಲಿಸುವ ಒಂದು ಪುಟ್ಟ ಕೇಂದ್ರ ಎದ್ದಿತು. ಅಂಗವನ್ನು ಸರಿಪಡಿಸಿದೆವು, ನಮ್ಮ ಧರ್ಮ ತೀರಿತು ಎನ್ನುವ ವೈದ್ಯನ ನೆಮ್ಮದಿಯನ್ನು ಆ ಭಿಕ್ಷುಕನು ಕದಡಿದನೆಂದು ನನ್ನ ಭಾವನೆ.

ಪಾವಗಡದ ಸ್ವಾಮಿ ವಿವೇಕಾನಂದ ಸಮಗ್ರ ಗ್ರಾಮೀಣ ಆರೋಗ್ಯ ಕೇಂದ್ರವು ಕುಷ್ಠ, ಕ್ಷಯ ಮತ್ತು ಕಣ್ಣಿನ ರೋಗಗಳ ಮೇಲೆ ದುಡಿಯುತ್ತ ಬಂದಿರುವುದನ್ನು ಆ ಸೀಮೆಯವರೆಲ್ಲ ಬಲ್ಲರು. 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ ರೋಗ ಖಂಡಿತವಾಗಿ ವಾಸಿಯಾಗುತ್ತದೆ. ಸತ್ತ ನರ ಮಾತ್ರ ಬಹುಪಾಲು ಮರಳುವುದಿಲ್ಲ. ಸ್ಪರ್ಶ ಕಳೆದುಕೊಂಡ ಹೆಂಗಸು ರಾಗಿ ಮುದ್ದೆ ಮಾಡುವುದನ್ನು ನೆನೆಯಿರಿ. ಕುದಿಯುವ ಪಾತ್ರೆ, ಕೋಲಿನಿಂದ ತಿರುವುವ ಬಿಸಿ ಹಿಟ್ಟು, ಕೊನೆಗೆ ಅಂಗೈಯಲ್ಲಿ ಉಂಡೆ ಕಟ್ಟುವುದು! ಮುದ್ದೆ ಮಾಡಬೇಡ ಎಂದುಬಿಡುವುದು ಸುಲಭ. ಆದರೆ ಈ ಸೀಮೆಯಲ್ಲಿ ಮುದ್ದೆ ತಿರುವದವಳಿಗೆ ತನ್ನ ಒಲೆಯ ಮೇಲೆ ಅಧಿಕಾರವಿರುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಹಿಡಿ, ಉದ್ದನೆಯ ಕೋಲು, ಪಾತ್ರೆ ಅಲುಗದಂತೆ ಒತ್ತಿ ಹಿಡಿಯುವ ಕವೆಗೋಲು, ಉಂಡೆ ಕಟ್ಟಲು ಅಂಗೈಗೆ ಬದಲು ನೀರು ಸವರಿದ ಮರದ ಬಟ್ಟಲು, ಕೆಲಸ ಮುಗಿದ ಮೇಲೆ ಕಣ್ಣಿನಿಂದ ಕೈಯನ್ನು ಪರೀಕ್ಷಿಸುವ ಅಭ್ಯಾಸ: ಇವೆಲ್ಲ ಕೂಡಿದರೆ ಆಕೆ ತನ್ನ ಒಲೆಯ ಮುಂದೆಯೇ ಉಳಿಯುವಳು. ಕೈಗೆ ಏನಾದರೊಂದು ಕೆಲಸ ಹುಡುಕಿ ಕೊಡುತ್ತಿದ್ದ ವಿದ್ಯೆ, ಅವಳ ಕೆಲಸಕ್ಕೆ ಕೈಯನ್ನು ಹೊಂದಿಸುವ ವಿದ್ಯೆಯಾದುದು ಹೀಗೆ.

ಕಾನೂನು ನಿಧಾನವಾಗಿ ಹಿಂದೆ ಬಂದಿತು. 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದುದು 2016ರಲ್ಲಿ. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಎಣಿಸುವುದು ನಿಂತುದು 2019ರಲ್ಲಿ!

ಸೊಂಟದ ಮೇಲಿನ ಕೂಸು

ಇನ್ನು ಮಕ್ಕಳ ವಿಷಯ. ಹುಟ್ಟುವಾಗ ಉಸಿರು ಸಿಕ್ಕದೆಯೋ, ಮಿದುಳಿಗೆ ಬೇರೆ ಏಟು ಬಿದ್ದೋ ಕೈಕಾಲು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿಯ ಮಕ್ಕಳು ಎಲ್ಲ ಸೀಮೆಯಲ್ಲಿಯೂ ಇರುವಂತೆ ಇಲ್ಲಿಯೂ ಇರುವರು. 2016ರ ಕಾಯಿದೆಯು ಅಂಗವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿತು. ಶಿಕ್ಷಣದ ಹಕ್ಕಿನ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯಿಂದ, ತೀವ್ರ ವೈಕಲ್ಯವಿರುವ ಮಗುವಿಗೆ ಮನೆಯಲ್ಲಿಯೇ ಕಲಿಯುವ ಹಕ್ಕು ಬಂದಿತು. ಅಂಥ ಮನೆಗಳ ಬಾಗಿಲಿಗೆ ಹೋಗುವವರು ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಗ್ರಾಮ ಪಂಚಾಯಿತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಉಂಟು. ಇವರು ಸ್ವತಃ ಅಂಗವಿಕಲರು. ಗೌರವಧನದ ಮೇಲೆ ದುಡಿಯುವವರು. ಪಿಂಚಣಿಯ ಅರ್ಜಿ, ಗುರುತಿನ ಚೀಟಿ, ತಪಾಸಣಾ ಶಿಬಿರ ಎಲ್ಲಕ್ಕೂ ಅವರೇ ಓಡಬೇಕು. ತನ್ನ ಕಾಲಿಗೇ ಕ್ಯಾಲಿಪರ್ ಕಟ್ಟಿಕೊಂಡವನು ಇನ್ನೊಬ್ಬನ ಮನೆಗೆ ಮೈಲಿಗಟ್ಟಲೆ ನಡೆಯುವ ಈ ಏರ್ಪಾಡಿನಲ್ಲಿ ಘನತೆಯೂ ಇದೆ, ಜುಗ್ಗತನವೂ ಇದೆ.

ಚಿಕಿತ್ಸಕರಲ್ಲದ ಈ ಜನ ಚಿಕಿತ್ಸಕರ ಕೆಲಸವನ್ನು ಮಾಡಬಹುದೆ? ವೃತ್ತಿಯೊಳಗೆ ಇದು ಹಳೆಯ ಜಗಳ. ಪದವಿ ಪಡೆಯದವನು ಬಿಗಿದ ಕಾಲನ್ನು ಬಲವಂತವಾಗಿ ಎಳೆದರೆ ಸ್ನಾಯು ಹರಿಯಬಹುದು, ಎಲುಬು ಮುರಿಯಬಹುದು. ಇದು ಸುಳ್ಳು ಭಯವಲ್ಲ. ಆದರೆ ಏನನ್ನೂ ಹೇಳಿಕೊಡದೆ ಹೋದರೆ ಆಗುವ ಹಾನಿಗೆ ಯಾರು ಉತ್ತರವಾದಿ? ತಾಯಿ ಮಗುವನ್ನು ಅಂಗಾತ ಮಲಗಿಸಿ ಅಂಬಲಿ ಹುಯ್ಯುತ್ತಾಳೆ. ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರ, ಕೆಮ್ಮು, ಮತ್ತೆ ಜ್ವರ. ಕೂರಿಸಿ, ತಲೆಯನ್ನು ಹಿಂದಕ್ಕೆ ಬಾಗಲು ಬಿಡದೆ, ಗಲ್ಲವನ್ನು ತುಸು ತಗ್ಗಿಸಿ, ಗಟ್ಟಿಯಾಗಿ ಕಲಸಿದ್ದನ್ನು ಸ್ವಲ್ಪಸ್ವಲ್ಪವಾಗಿ ಕೊಡು ಎಂಬ ಒಂದು ಮಾತು ಒಂದು ಪ್ರಾಣಕ್ಕೆ ಸಮ. ಈ ಮಾತನ್ನು ಪದವಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವುದು ನೀತಿಯೆ? 1978ರ ಆಲ್ಮಾ ಆಟಾ ಸಮ್ಮೇಳನದ ನಂತರ ಜಗತ್ತಿನಲ್ಲೆಲ್ಲ ಹಬ್ಬಿದ ಸಮುದಾಯಾಧಾರಿತ ಪುನರ್ವಸತಿಯ ಪಂಥದವರು ಅಲ್ಲವೆಂದರು. ಡೇವಿಡ್ ವರ್ನರ್ 1987ರಲ್ಲಿ ಹಳ್ಳಿಯ ಅಂಗವಿಕಲ ಮಕ್ಕಳ ಮೇಲೆ ಬರೆದ ದೊಡ್ಡ ಕೈಪಿಡಿ, ತಾಯಂದಿರಿಗೂ ಅರ್ಥವಾಗುವಂತೆ ಚಿತ್ರಗಳಿಂದ ತುಂಬಿದೆ.

ಹಳ್ಳಿಯ ತಾಯಿ ಕಲಿಯಬೇಕಾದುದೇ ಎಲ್ಲ, ಕಲಿಸಬೇಕಾದುದು ಏನೂ ಇಲ್ಲ ಎಂದು ಭಾವಿಸಬಾರದು. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುವ ಮಗುವನ್ನು ಕಾಲು ಅಗಲಿಸಿ ಎತ್ತಿಕೊಳ್ಳಬೇಕೆಂದು ಪುಸ್ತಕ ಹೇಳುತ್ತದೆ. ನಮ್ಮ ಹೆಂಗಸರು ಕೂಸನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದು ಹಾಗೆಯೇ ಅಲ್ಲವೆ? ನಗರದ ಮನೆಯವರು ಮಗುವನ್ನು ತೋಳಿನಲ್ಲಿ ಅಡ್ಡಲಾಗಿ ಹೊತ್ತು, ತಳ್ಳುಗಾಡಿಯಲ್ಲಿ ಮಲಗಿಸಿ ಕಳೆದುಕೊಂಡದ್ದನ್ನು ಹಳ್ಳಿಯಾಕೆ ಉಳಿಸಿಕೊಂಡಿದ್ದಾಳೆ. ಒಳ್ಳೆಯ ಚಿಕಿತ್ಸಕಿ ಮೊದಲ ದಿನ ಮಾಡಬೇಕಾದ ಕೆಲಸ ಇದನ್ನು ಕಂಡು ಹೌದು, ಹೀಗೆಯೇ ಎನ್ನುವುದು.

ನೀರಿನ ಪಾಲು

ಈ ತಾಲ್ಲೂಕುಗಳಲ್ಲಿ, ಅದರಲ್ಲಿಯೂ ಪಾವಗಡ, ಮಧುಗಿರಿ, ಶಿರಾಗಳಲ್ಲಿ, ಆಳದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ 1 ಮಿಲಿಗ್ರಾಮು ಇದ್ದರೆ ಸರಿ, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುವುದು. ಮುಂದೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುವುವು. ಎಲುಬನ್ನು ಹಿಡಿಯುವ ಈ ರೋಗವನ್ನು ಭಾರತದಲ್ಲಿ ಮೊದಲು ವರ್ಣಿಸಿದ್ದು 1937ರಲ್ಲಿ, ನೆಲ್ಲೂರಿನ ಕಡೆ. ಕುಕ್ಕುರುಗಾಲಿನಲ್ಲಿ ಕೂರಲಾರದ ರೈತನಿಗೆ ಎತ್ತರದ ಶೌಚಪೀಠ, ಬಗ್ಗದೆ ಕಳೆ ತೆಗೆಯಲು ಉದ್ದ ಹಿಡಿಯ ಸಲಕರಣೆ ಕೊಡಬಹುದು. ಕೊಡಲೇಬೇಕು. ಆದರೆ ಅದೇ ಕೊಡದಲ್ಲಿ ಅದೇ ನೀರು ನಾಳೆಯೂ ಬರುತ್ತಿದ್ದರೆ ಚಿಕಿತ್ಸಕನು ಸುಮ್ಮನಿರಬೇಕೆ? ಜಾಗತಿಕ ಒಕ್ಕೂಟವು 2006ರಲ್ಲಿ ಮಾನವ ಹಕ್ಕುಗಳ ಮೇಲೆ ಒಂದು ನಿಲುವನ್ನು ಪ್ರಕಟಿಸಿ, ಬಾಳಿನ ಕೆಲಸಗಳಲ್ಲಿ ತೊಡಗುವುದೇ ಒಂದು ಹಕ್ಕು, ಅದಕ್ಕೆ ಅಡ್ಡ ಬರುವುದನ್ನು ಎತ್ತಿ ತೋರಿಸುವುದೂ ವೃತ್ತಿಯ ಕರ್ತವ್ಯವೆಂದಿತು. ಸರ್ಕಾರಿ ನೌಕರಿಯಲ್ಲಿರುವ ಚಿಕಿತ್ಸಕನಿಗೆ ಇದು ಬರಹದಲ್ಲಿ ಇರುವಷ್ಟು ಸುಲಭವಲ್ಲ ಎಂಬುದನ್ನು ಹೇಳಬೇಕಾದುದಿಲ್ಲ.

ಹೊಸ ಫಲಕಗಳು

ನಗರದ ವಾಚಕರಿಗೂ ಇಲ್ಲಿ ಒಂದು ಮಾತು ಉಂಟು. ಆಟಿಸಂ, ಕಲಿಕೆಯ ತೊಡಕು, ಚಂಚಲತೆ ಎಂದು ಹೆದರಿದ ತಂದೆತಾಯಿಗಳಿಗಾಗಿ ಇಂದು ಬಡಾವಣೆಗಳಲ್ಲೆಲ್ಲ ಥೆರಪಿ ಕೇಂದ್ರಗಳ ಫಲಕಗಳು ತೂಗುತ್ತಿವೆ. ಗಂಟೆಗಿಷ್ಟು ಎಂದು ಹಣ. ಪ್ರಾಮಾಣಿಕರು ಬಹಳ ಜನ. ಆದರೆ ಮಗುವನ್ನು ಪೂರ್ತಿ ಗುಣಪಡಿಸುತ್ತೇವೆ ಎಂದು ಮಾತು ಕೊಡುವವರೂ ಇರುವರು. ದೆಹಲಿಯಲ್ಲಿ 1997ರ, ಮಹಾರಾಷ್ಟ್ರದಲ್ಲಿ 2002ರ ಕಾನೂನಿನಿಂದ ಪರಿಷತ್ತುಗಳು ಏರ್ಪಟ್ಟರೂ, ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆ ಬಂದುದು 2021ರಲ್ಲಿ. ಔದ್ಯೋಗಿಕ ಚಿಕಿತ್ಸಕರೂ ಸೇರಿದಂತೆ ಆರೋಗ್ಯ ವೃತ್ತಿಗಳವರ ಹೆಸರನ್ನು ದಾಖಲೆಯಲ್ಲಿ ಬರೆಯಬೇಕು, ನಡತೆಗೆ ಒಂದು ಕಟ್ಟಳೆ ಇರಬೇಕು ಎಂಬುದು ಅದರ ಸಾರ. ಚಿಕಿತ್ಸಕರನ್ನು ಪದವಿಯ ವಿಚಾರ ಕೇಳಲು ನಾವು ಸಂಕೋಚಪಡುತ್ತೇವೆ. ಚಿನ್ನದ ಅಂಗಡಿಯಲ್ಲಿ ಒರೆಗಲ್ಲು ಕೇಳುವಾಗ ಆ ಸಂಕೋಚವೆಲ್ಲಿ ಹೋಗುತ್ತದೆಯೋ! ಈ ಒಂದು ಗಂಟೆಯಿಂದ ನಮ್ಮ ಮಗು ಮನೆಯಲ್ಲಿ ಯಾವ ಕೆಲಸವನ್ನು ತಾನೇ ಮಾಡಿಕೊಂಡೀತು ಎಂದು ಕೇಳಿದರೆ ಒಳ್ಳೆಯ ಚಿಕಿತ್ಸಕರು ಸಂತೋಷಪಡುವರು.

ಮತ್ತೆ ಪಾವಗಡದ ಕಡೆಗೆ. ಶಿಬಿರದಲ್ಲಿ ಒಬ್ಬ ಹುಡುಗನಿಗೆ ಗಾಲಿಕುರ್ಚಿ ಸಿಕ್ಕಿದೆಯೆಂದು ಇಟ್ಟುಕೊಳ್ಳಿ. ಕಾನ್ಪುರದ ಅಲಿಮ್ಕೊ ಕಾರ್ಖಾನೆಯದು, ಗಟ್ಟಿಯಾದ ವಸ್ತು. ಹಾರ ಹಾಕಿ, ಹುಡುಗನನ್ನು ಕೂರಿಸಿ ಭಾವಚಿತ್ರ ತೆಗೆಯಲಾಯಿತು. ತೆಗೆಯಬಹುದೆ ಎಂದು ಹುಡುಗನನ್ನು ಯಾರೂ ಕೇಳಲಿಲ್ಲ. ಕುರ್ಚಿ ಮನೆಗೆ ಬಂದಿತು. ಬಾಗಿಲು ಕಿರಿದು, ಹೊಸ್ತಿಲು ಎತ್ತರ, ಮುಂದೆ ಮೂರು ಕಲ್ಲು ಮೆಟ್ಟಿಲು. ಒಂದು ತಿಂಗಳಲ್ಲಿ ಅದರ ಮೇಲೆ ಶೇಂಗಾ ಮೂಟೆ ಕುಳಿತಿತು. ಹುಡುಗ ನೆಲದ ಮೇಲೆಯೇ.

ಆಗ ಆ ಮನೆಗೆ ಶಿಕ್ಷಕನೊಬ್ಬನು ಅಳತೆಯ ಟೇಪು ಹಿಡಿದು ಬಂದು, ಕುರ್ಚಿಯನ್ನು ಅಳೆಯುವ ಮೊದಲು, ನಿನಗೆ ಎಲ್ಲಿಗೆ ಹೋಗಬೇಕು ಎಂದು ಹುಡುಗನನ್ನೇ ಕೇಳಿದನೆನ್ನೋಣ. ಹುಡುಗನು ಶಾಲೆ ಎನ್ನದೆ, ಆಸ್ಪತ್ರೆ ಎನ್ನದೆ, ಬೇವಿನ ಮರದ ಕೆಳಗೆ ಎನ್ನಬಹುದು. ಅಲ್ಲಿ ಗೋಲಿಯಾಟ ನಡೆಯುತ್ತದೆ. ಹಾಗಾದರೆ ಗಾಲಿಕುರ್ಚಿಗಿಂತ ಮೊದಲು ಬೇಕಾದುದು ಎರಡು ಗಾಡಿ ಮಣ್ಣು, ಮೆಟ್ಟಿಲ ಮೇಲೆ ಇಳಿಜಾರು, ಮತ್ತು ನೆಲಕ್ಕೆ ಕೈ ಎಟುಕುವಷ್ಟು ತಗ್ಗಾದ, ಬೆನ್ನಿಗೆ ಆನಿಕೆಯುಳ್ಳ ಮರದ ಮಣೆ. ಬಡಗಿ ಊರಿನಲ್ಲಿಯೇ ಇರುವನು. ಸಂಜೆಗೆ ಹುಡುಗನು ಮರದ ಕೆಳಗೆ ಕುಳಿತಾನು. ಬಿಗಿದ ಬೆರಳಿನಿಂದ ಅವನು ಹೊಡೆದ ಗೋಲಿ ಗುರಿ ತಪ್ಪಿದಾಗ, ಇನ್ನೊಂದು ಸಲ ಹೊಡೆಯಲು ಬಿಡಬೇಕೋ ಬೇಡವೋ ಎಂದು ಉಳಿದ ಹುಡುಗರಲ್ಲಿ ಜಗಳವೇ ಏಳಬಹುದು.